ರೇಸಿನ ಗಾಲಿ

ನೀಲಕ್ಕನಿಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಪೋಲಿಯೋ ಬಲಗಾಲನ್ನು ಕಡ್ಡಿ ಮಾಡಿಟ್ಟು ಹೋಗಿತ್ತು. ಕೋಲು ಹಿಡಿದರೆ ಸಪಾಟು ನೆಲದ ಮೇಲೆ ಎಷ್ಟು ದೂರ ಬೇಕಾದರೂ ನಡೆಯುತ್ತಿದ್ದಳು. ಆದರೆ ಬೆಂಗಳೂರಿನ ಬಸ್ಸುಗಳ ಮೆಟ್ಟಿಲು ಎತ್ತರ, ಕಂಡಕ್ಟರುಗಳ ತಾಳ್ಮೆ ಗಿಡ್ಡ. ಯಲಹಂಕದ ಹೈಸ್ಕೂಲಿನಲ್ಲಿ ಅವಳಿಗೆ ಕನ್ನಡ ಕಲಿಸುವ ಕೆಲಸ ಸಿಕ್ಕಾಗ, ಆರ್.ಟಿ. ನಗರದ ಬಾಡಿಗೆ ಮನೆಯಿಂದ ದಿನಾ ಅಲ್ಲಿಗೆ ಹೋಗಿಬರುವುದು ಹೇಗೆಂದು ಗಂಡ ಹೆಂಡತಿ ತಲೆಕೆಡಿಸಿಕೊಂಡರು. ಕೊನೆಗೆ ಗುರುಪಾದಪ್ಪ ಹಳೆಯ ಫಿಯೆಟ್ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದ. ಬೀದಿಯವರು ‘ಸಾಹೇಬರು ಕಾರು ಇಟ್ಟರು’ ಅಂದರು. ಅವನ ಮಟ್ಟಿಗೆ ಅದು ಹೆಂಡತಿಯ ಇನ್ನೊಂದು ಕಾಲಾಗಿತ್ತು.

ಗುರುಪಾದಪ್ಪ ಗದಗಿನ ಕಡೆಯವನು. ಯಶವಂತಪುರದ ಕಚೇರಿಯೊಂದರಲ್ಲಿ ನಕಾಶೆ ಬರೆಯುವ ಕೆಲಸ. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ರಸ್ತೆಗೆ ಅಡ್ಡ ಎಮ್ಮೆ ಬಂದರೆ ಹಾರನ್ ಸಹ ಹೊಡೆಯದೆ, ಅದು ದಾಟುವತನಕ ಕೈಕಟ್ಟಿ ಕೂರುವ ಆಸಾಮಿ. ಬೆಳಿಗ್ಗೆ ಹೆಬ್ಬಾಳದ ಕೆರೆ ಏರಿ ದಾಟಿ ಹೆಂಡತಿಯನ್ನು ಯಲಹಂಕಕ್ಕೆ ಬಿಟ್ಟು, ತಿರುಗಿ ಯಶವಂತಪುರಕ್ಕೆ ಬಂದು, ಸಂಜೆ ಮತ್ತೆ ಹೋಗಿ ಕರೆದುಕೊಂಡು ಬರುತ್ತಿದ್ದ. ಎತ್ತಿನಗಾಡಿಯವರು ಅವನನ್ನು ಹಿಂದೆ ಹಾಕುತ್ತಾರೆಂದು ನೀಲಕ್ಕ ನಗುತ್ತಿದ್ದಳು.

ನೀಲಕ್ಕನ ತಮ್ಮ ಮುರಿಗೆಪ್ಪ ಬೇರೆಯದೇ ಮಣ್ಣಿನವನು. ಪೀಣ್ಯದ ಕಾರ್ಖಾನೆಯಲ್ಲಿ ಫಿಟ್ಟರು, ಟಿ. ದಾಸರಹಳ್ಳಿಯಲ್ಲಿ ಒಂಟಿ ರೂಮು. ರವಿವಾರ ಬಂತೆಂದರೆ ಅಕ್ಕನ ಮನೆಯಲ್ಲಿ ರೊಟ್ಟಿ ಊಟ, ಊಟ ಮುಗಿದೊಡನೆ ಕಾರಿನ ಬಾನೆಟ್ ಎತ್ತಿ ಒಳಗೆ ತಲೆ. ಎಂಜಿನ್ನಿನ ಸದ್ದು ಕೇಳುತ್ತ ಕಣ್ಣುಮುಚ್ಚಿ ನಿಂತಿರುತ್ತಿದ್ದ, ದೇವರ ಮುಂದೆ ನಿಂತವನ ಹಾಗೆ.

ಎಪ್ಪತ್ತೊಂಬತ್ತರ ಬೇಸಿಗೆಯ ಒಂದು ರವಿವಾರ ಅವನು ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಮಾತು ತೆಗೆದ. ರಾಜಾನುಕುಂಟೆಯ ಆಚೆ ಹೊಲಗಳ ನಡುವೆ ವಿಮಾನ ಇಳಿಸುವ ಹಳೆಯ ದಾರಿಯೊಂದು ಪಾಳು ಬಿದ್ದಿತ್ತು. ಕಾರಿನ ಹುಚ್ಚಿನ ಹುಡುಗರು ಸೇರಿ ಅಲ್ಲಿ ಡ್ರ್ಯಾಗ್ ರೇಸು ನಡೆಸುವವರಿದ್ದರು. ಸುತ್ತಿಲ್ಲ, ತಿರುವಿಲ್ಲ, ಎರಡು ಕಾರು ಪಕ್ಕಪಕ್ಕ ನಿಂತು, ಬಾವುಟ ಬಿದ್ದೊಡನೆ ಕಾಲು ಮೈಲಿ ನೆಟ್ಟಗೆ ಓಡಿಬಿಡುವುದು, ಅಷ್ಟೇ.

“ಒಂದ ದಿವಸದ ಮಾತು ಮಾಮಾ. ರವಿವಾರ ಮುಂಜಾನೆ ಒಯ್ತೇನಿ, ಸಂಜಿಗೆ ತಂದು ನಿಲ್ಲಸ್ತೇನಿ. ಮದರಾಸಿನ ಕಡೆ ರೇಸ್ ಹೊಡಿಯೋ ಒಬ್ಬಾಂವ ತನ್ನ ಟೈರ್ ಕೊಟ್ಟಾನ. ಫಾರಿನ್ ಮಾಲು. ನಾ ಜೀವನದಾಗ ಮತ್ತೇನೂ ಕೇಳಂಗಿಲ್ಲ.”

ಗುರುಪಾದಪ್ಪ ತಾಟಿನ ಕಡೆ ನೋಡಿದ. ಬೇಡ ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನೀಲಕ್ಕ ಅಂದಳು: “ಒಯ್ಯಲಿ ಬಿಡ್ರಿ.”

ಅವಳು ಹಾಗೆ ಅಂದಿದ್ದಕ್ಕೆ ಕಾರಣ ಅವನಿಗೆ ಗೊತ್ತಿತ್ತು. ಊರಿನಿಂದ ಹೈಸ್ಕೂಲಿಗೆ ಎರೆಮಣ್ಣಿನ ದಾರಿ. ಅಕ್ಕನಿಗಿಂತ ಎರಡು ವರ್ಷ ಚಿಕ್ಕವನಾದ ಮುರಿಗೆಪ್ಪ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಮಳೆಗಾಲದಲ್ಲಿ ಸೈಕಲ್ಲು ಹೂತರೆ ಬೆನ್ನ ಮೇಲೆ ಹೊತ್ತುಕೊಂಡು, ಅವಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಸಾಗಿಸಿದ್ದ. ಅಂಥವನು ಜೀವನದಲ್ಲಿ ಮೊದಲ ಸಲ ಏನೋ ಕೇಳುತ್ತಿದ್ದಾನೆ. ಗುರುಪಾದಪ್ಪ ತೆರೆದ ಬಾಯಿಗೆ ರೊಟ್ಟಿ ಇಟ್ಟುಕೊಂಡ.

ಟೈರು ಹಾಕಿಸುವ ದಿನ ಯಶವಂತಪುರದ ಲೇತ್ ಅಂಗಡಿಗೆ ಅವನೂ ಹೋದ. ಟೈರುಗಳನ್ನು ನೋಡಿ ದಂಗಾದ. ಕಾರಿನ ಟೈರಿನ ಒಂದೂವರೆಪಟ್ಟು ಅಗಲ, ಮೈಮೇಲೆ ಒಂದು ಗೀರೂ ಇಲ್ಲ. ಮುಂಡನ ಮಾಡಿದ ತಲೆಯಂತೆ ನುಣ್ಣಗೆ. ಒತ್ತಿದರೆ ಬೆರಳು ಒಳಕ್ಕೆ ಹೋಗುವಷ್ಟು ಮೆತ್ತಗೆ.

“ಇದಕ್ಕ ಹಲ್ಲs ಇಲ್ಲಲ್ಲೋ.”

“ಇರಬಾರದು ಮಾಮಾ. ರಬ್ಬರೆಲ್ಲಾ ನೆಲಕ್ಕ ಹತ್ತಬೇಕು. ಹತ್ತಿ ಹಿಡಿಬೇಕು, ಜಿಗಣಿ ಹಿಡದಂಗ.”

ಇಷ್ಟು ಅಗಲದ ಟೈರು ಫಿಯೆಟ್ಟಿನ ರಿಮ್ಮಿಗೆ ಕೂರುವಂತಿರಲಿಲ್ಲ. ಹಿಂದಿನ ಎರಡೂ ರಿಮ್ಮುಗಳನ್ನು ಸುತ್ತ ಸೀಳಿ, ನಡುವೆ ಕಬ್ಬಿಣದ ಪಟ್ಟಿ ಬೆಸೆದು ಅಗಲ ಮಾಡಿದರು. ಆಮೇಲೆ ಟೈರು ಮಡ್‌ಗಾರ್ಡಿಗೆ ತಾಗಿತು. ಮುರಿಗೆಪ್ಪ ಸುತ್ತಿಗೆ ತೆಗೆದುಕೊಂಡು ಮಡ್‌ಗಾರ್ಡಿನ ಅಂಚನ್ನು ಒಳಕ್ಕೆ ಮಡಿಸತೊಡಗಿದ. ಒಂದೊಂದು ಏಟಿಗೂ ಗುರುಪಾದಪ್ಪನ ಭುಜ ಜಿಗಿಯುತ್ತಿತ್ತು. ನಿಲ್ಲಿಸು ಎನ್ನಲು ಆಗಲಿಲ್ಲ; ರಿಮ್ಮು ಆಗಲೇ ಸೀಳಿಯಾಗಿತ್ತಲ್ಲ.

ರೇಸಿನ ದಿನ ನೀಲಕ್ಕನೂ ಬಂದಳು. ಬಿಸಿಲು ಕಾಯುತ್ತಿತ್ತು. ಮುರಿಗೆಪ್ಪ ಕಾರು ಹಗುರಾಗಲೆಂದು ಹಿಂದಿನ ಸೀಟು, ಸ್ಟೆಪ್ನಿ, ಜಾಕು ಎಲ್ಲ ಕಿತ್ತು, ಸಂಜೆ ಮತ್ತೆ ಹಾಕಲೆಂದು ತಂದಿದ್ದ ಹಳೆಯ ಎರಡು ಟೈರುಗಳ ಜೊತೆ ಬೇಲಿಯ ಹತ್ತಿರ ಟಾರ್ಪಾಲಿನ ಕೆಳಗೆ ಇಟ್ಟ. ಬಾವುಟ ಬಿದ್ದಾಗ ಆ ಬೋಳು ಗಾಲಿಗಳು ಹೊಗೆ ಎಬ್ಬಿಸಿ ಅರಚಿ ನೆಲ ಕಚ್ಚಿಕೊಂಡು ಕಾರನ್ನು ಮುಂದಕ್ಕೆ ಎಸೆದವು. ಮೂರು ಓಟ ಗೆದ್ದ, ನಾಲ್ಕನೆಯದರಲ್ಲಿ ಸೋತ. ಸೋತವನು ಕಾರಿನಿಂದ ಇಳಿದು ಅಕ್ಕನ ಹತ್ತಿರ ಓಡಿ ಬಂದು, ಗೆದ್ದವನಿಗಿಂತ ಹೆಚ್ಚು ನಕ್ಕ. ನೀಲಕ್ಕ ಕೋಲು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ಹೊಡೆದಳು. ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ಗುರುಪಾದಪ್ಪ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಹೋಗಲಿ, ಇದಕ್ಕಾಗಿಯಾದರೂ ಆಯಿತಲ್ಲ ಅಂದುಕೊಂಡ.

ಹೊರಡುವಾಗ ನೋಡಿದರೆ ಟಾರ್ಪಾಲು ಇತ್ತು, ಸೀಟು ಇತ್ತು. ಟೈರು ಎರಡೂ ಇರಲಿಲ್ಲ, ಸ್ಟೆಪ್ನಿಯೂ ಇರಲಿಲ್ಲ.

ಹುಡುಕಿದರು, ಕೇಳಿದರು, ಮುರಿಗೆಪ್ಪ ಇಬ್ಬರ ಕೊರಳಪಟ್ಟಿಗೂ ಕೈ ಹಾಕಿದ. ಏನೂ ಹುಟ್ಟಲಿಲ್ಲ. ಆಗ ಟೈರಿಗೆ ಬರವಿದ್ದ ಕಾಲ. ಅಂಗಡಿಯಲ್ಲಿ ಹೆಸರು ಬರೆಸಿ, ಯಾವಾಗ ಬರುತ್ತದೆಂದು ಕಾಯಬೇಕು. ಹಳೆಯದಕ್ಕೆ ಹೊಸ ರಬ್ಬರು ಹಾಕಿಸೋಣವೆಂದರೆ ಮೊದಲು ಹಳೆಯದು ಬೇಕು. ಮುರಿಗೆಪ್ಪ ಗೊರಗುಂಟೆಪಾಳ್ಯದ ಲಾರಿ ಶೆಡ್ಡುಗಳನ್ನೆಲ್ಲ ಜಾಲಾಡಿ, ಎಲ್ಲಿಂದಲೋ ಒಂದು ಜೊತೆ ಟೈರು ಹೊತ್ತು ತಂದ. ಅವು ಅಂಬಾಸಿಡರ್ ಕಾರಿನವು, ಫಿಯೆಟ್ಟಿಗೆ ದೊಡ್ಡವು. ಅಂಗಳದಲ್ಲಿ ಟೈರುಗಳ ಮಧ್ಯೆ ತಲೆ ತಗ್ಗಿಸಿ ಕೂತ ಮೈದುನನಿಗೆ ಗುರುಪಾದಪ್ಪ ಬೈಯಲು ಹೊರಟು, ಚಹಾ ಬೇಕೇನೋ ಎಂದು ಕೇಳಿದ.

ಹೀಗೆ ರೇಸಿನ ಗಾಲಿಯ ಮೇಲೆ ಸಂಸಾರದ ಕಾರು ಓಡತೊಡಗಿತು.

ಟಾರು ಒಣಗಿದ್ದಷ್ಟು ದಿನ ಹೇಗೋ ನಡೆಯಿತು. ಜಲ್ಲಿ ಸಿಕ್ಕಲ್ಲೆಲ್ಲ ಮೆತ್ತನೆಯ ರಬ್ಬರು ಕಲ್ಲುಗಳನ್ನು ಕಚ್ಚಿಕೊಂಡು ಕಾರಿನ ತಳಕ್ಕೆ ಪಟಪಟ ಹೊಡೆಯುತ್ತಿತ್ತು. ಹಿಂದೆ ಯಾರಾದರೂ ಕೂತರೆ ಟೈರು ಮಡ್‌ಗಾರ್ಡಿಗೆ ಉಜ್ಜಿ, ಸುಟ್ಟ ವಾಸನೆ ಬರುತ್ತಿತ್ತು. ಗಾಳಿ ಕಡಿಮೆಯಾದರೆ ಕಾರಿನ ಬಾಲ ಕುಡಿದವರ ಹಾಗೆ ತೂಗುತ್ತಿತ್ತು. ಜಾಸ್ತಿ ಹಾಕಿಸಿದರೆ ಟೈರಿನ ನಡು ಉಬ್ಬಿ ಕುಣಿಯುತ್ತಿತ್ತು. ಕಚೇರಿಯ ಹುಡುಗರು “ಏನ್ ಗುರು, ರೇಸಿಗೆ ಹೊರಟ್ರಾ?” ಎಂದು ಸೀಟಿ ಹೊಡೆದರು. ಗುರುಪಾದಪ್ಪ ಪೆಚ್ಚಾಗಿ ನಕ್ಕ. ಬೆಳಿಗ್ಗೆ ಎದ್ದೊಡನೆ ಹಿತ್ತಲಿಗೆ ಹೋಗಿ ಆಕಾಶ ನೋಡುವುದು ಅವನಿಗೆ ರೂಢಿಯಾಯಿತು. ಟೈರಿನ ಅಂಗಡಿಯವನು ಪ್ರತಿಸಲವೂ “ಮುಂದಿನ ಲೋಡಲ್ಲಿ ಬರುತ್ತೆ ಸಾರ್” ಅನ್ನುತ್ತಿದ್ದ.

ಮೊದಲ ಮಳೆಗೆ ಗೊತ್ತಾಯಿತು. ಬ್ಯಾಟರಾಯನಪುರದ ಹತ್ತಿರ ಸುಮ್ಮನೆ ಬ್ರೇಕಿನ ಮೇಲೆ ಕಾಲಿಟ್ಟ, ಅಷ್ಟಕ್ಕೇ ಕಾರಿನ ಹಿಂಭಾಗ ಮೆಲ್ಲಗೆ ಎಡಕ್ಕೆ ಸರಿದು, ರಸ್ತೆಗೆ ಅಡ್ಡವಾಗಿ ನಿಂತಿತು. ಪಕ್ಕದಲ್ಲಿ ಕೂತ ನೀಲಕ್ಕ ಬಾಗಿಲ ಹಿಡಿ ಬಿಗಿಯಾಗಿ ಹಿಡಿದಿದ್ದಳು. ಟೈರಿಗೆ ಗೀರಿದ್ದರೆ ನೀರು ಅದರೊಳಗೆ ಹರಿದು ಹೋಗುತ್ತದೆ. ಬೋಳು ಟೈರಿಗೆ ನೀರು ಹಾಸಿಗೆಯಾಗುತ್ತದೆ, ಕಾರು ಅದರ ಮೇಲೆ ತೇಲುತ್ತದೆ. ಅಂದಿನಿಂದ ಮಳೆ ಬಂದ ದಿನ ನೀಲಕ್ಕ ಶಾಲೆಗೆ ರಜೆ ಹಾಕಿದಳು. ಜೂನ್ ಕಳೆಯುವಷ್ಟರಲ್ಲಿ ಹೆಡ್‌ಮೇಷ್ಟ್ರು ಕರೆದು, “ಹೀಗಾದ್ರೆ ನಾನು ಮಕ್ಕಳಿಗೆ ಏನ್ ಹೇಳ್ಲಿ ಮೇಡಮ್?” ಎಂದು ಕೇಳಿದರು.

“ನೀವೇನೂ ಅನಬ್ಯಾಡ್ರಿ ಅವಗ,” ಎಂದಳು ನೀಲಕ್ಕ ಆ ರಾತ್ರಿ ಊಟಕ್ಕೆ ಬಡಿಸುತ್ತ. “ಹೂಂ ಅಂದಾಕಿ ನಾನು.”

“ನಾ ಯಾರಿಗೂ ಏನೂ ಅಂದಿಲ್ಲಲ್ಲ ನೀಲಾ.”

“ಅದs ಮತ್ತ. ಆವತ್ತರ ಒಂದ ಮಾತು ಬ್ಯಾಡ ಅನ್ನಬೇಕಿತ್ತು ನೀವು.”

ಗುರುಪಾದಪ್ಪ ಕಲಸಿದ ಅನ್ನವನ್ನೇ ಮತ್ತೆ ಕಲಸಿದ.

ಜುಲೈ ತಿಂಗಳ ಒಂದು ದಿನ ಬೆಳಿಗ್ಗೆ ಬಿಸಿಲು ಹೊಳೆಯುತ್ತಿತ್ತು. ನೀಲಕ್ಕನನ್ನು ಶಾಲೆಗೆ ಬಿಟ್ಟು ಬಂದ. ಮಧ್ಯಾಹ್ನ ಊಟದ ಹೊತ್ತಿಗೆ ಪಡುವಣ ಕಪ್ಪಾಯಿತು, ನಾಲ್ಕಕ್ಕೆಲ್ಲ ಮಳೆ ಹಿಡಿಯಿತು. ಕಚೇರಿ ಬಿಟ್ಟ ಮೇಲೆ ಗುರುಪಾದಪ್ಪ ಕಾರಿನ ಹತ್ತಿರ ನಿಂತು ಯೋಚಿಸಿದ. ಶಾಲೆಗೆ ಫೋನಿಲ್ಲ. ಅವನು ಬರುತ್ತಾನೆಂದು ಅವಳು ಜಗಲಿಯ ಮೇಲೆ ಕೂತಿರುತ್ತಾಳೆ. ಆಟೋದವರು ಯಲಹಂಕವೆಂದರೆ ಮುಖ ತಿರುಗಿಸುತ್ತಿದ್ದರು. ಮಳೆ ತುಸು ಸಣ್ಣಗಾದಂತೆ ಕಂಡಿತು. ಮೆಲ್ಲಗೆ ಹೋದರಾಯಿತು ಎಂದು ಹೊರಟ.

ಮೆಲ್ಲಗೇ ಹೋದ. ಹೆಬ್ಬಾಳದ ಕೆರೆ ಏರಿಯ ಮೇಲೆ ನಡೆದು ಹೋಗುವವರು ಅವನ ಜೊತೆಜೊತೆಗೇ ಬರುತ್ತಿದ್ದರು. ಏರಿಯ ಇಳಿಜಾರಿನಲ್ಲಿ ಎದುರಿನಿಂದ ಲಾರಿಯೊಂದು ಬಂತು. ಅದಕ್ಕೆ ದಾರಿ ಬಿಡಲೆಂದು ಸ್ಟೀರಿಂಗನ್ನು ಒಂದಿಷ್ಟೇ ಎಡಕ್ಕೆ ತಿರುಗಿಸಿದ. ಮುಂದಿನ ಗಾಲಿಗಳು ತಿರುಗಿದವು, ಹಿಂದಿನವು ಒಪ್ಪಲಿಲ್ಲ. ಕಾರು ಅವನ ಕೈಯಿಂದ ಬಿಡಿಸಿಕೊಂಡಿತು. ಬ್ರೇಕು ಒತ್ತಿದ, ಬಿಟ್ಟ, ಬಲಕ್ಕೆ ತಿರುಗಿಸಿದ, ಎಡಕ್ಕೆ ತಿರುಗಿಸಿದ. ಏನು ಮಾಡಿದರೂ ಕಾರು ತನ್ನ ಪಾಡಿಗೆ ತಾನು, ಯಾವ ಅವಸರವೂ ಇಲ್ಲದೆ, ಬಾಲ ಮುಂದಾಗಿ ತಿರುಗುತ್ತ ಇಳಿಯಿತು. ಕನ್ನಡಿಯಲ್ಲಿ ಹುಣಸೆ ಮರ ಕಂಡಿತು. ಮರದ ಬುಡದಲ್ಲಿ ಗೋಣಿಚೀಲದ ಕೊಪ್ಪೆ ಹೊದ್ದು, ಸೀಬೆಹಣ್ಣಿನ ಮಂಕರಿ ಮುಂದಿಟ್ಟುಕೊಂಡು ಕೂತ ಮುದುಕಿ ಕಂಡಳು. ಅವಳು ಏಳಲು ನೋಡಿದ್ದೂ ಕಂಡಿತು. ಅವನು ಕೂಗಿದ. ಗಾಜು ಏರಿಸಿದ್ದರಿಂದ ಆ ಕೂಗು ಅವನಿಗೊಬ್ಬನಿಗೇ ಕೇಳಿಸಿತು.

ಇಳಿದು ಓಡಿದ. ಹಣ್ಣುಗಳು ಕೆಸರಿನಲ್ಲಿ ಉರುಳಿದ್ದವು. ಕಾರಿನ ಹಿಂದಿನ ಬಂಪರಿಗೂ ಮರದ ಬೇರಿಗೂ ನಡುವೆ ಮುದುಕಿಯ ಎಡಗಾಲು ಸಿಕ್ಕಿತ್ತು.

“ಅಯ್ಯೋ ನನ್ ಕಾಲು! ಯಾವನಪ್ಪಾ ನೀನು, ಇಂಗ್ ಬಂದ್ಯಲ್ಲೋ!”

ನಾಲ್ಕಾರು ಜನ ಸೇರಿ ಕಾರು ತಳ್ಳಿ ಕಾಲು ಬಿಡಿಸಿದರು. ಪಾದ ತಿರುಗಿ ಬೇರೆ ಕಡೆ ನೋಡುತ್ತಿತ್ತು. ಅವಳ ಹೆಸರು ಅಕ್ಕಯ್ಯಮ್ಮ, ಅಲ್ಲೇ ಹೆಬ್ಬಾಳದವಳು. ಯಾರೋ ಓಡಿ ಹೇಳಿ, ಅವಳ ಮಗ ಮುನಿಆಂಜಿನಪ್ಪ ತೋಟದಿಂದ ಕೈಯಲ್ಲಿ ಕುಡುಗೋಲಿನ ಸಮೇತ ಬಂದ. ಕುಡುಗೋಲು ಎಸೆದು ಗುರುಪಾದಪ್ಪನ ಕೆನ್ನೆಗೆ ಬಾರಿಸಿದ. ಗುರುಪಾದಪ್ಪ ಮುಖ ಸರಿಸಲಿಲ್ಲ. ಇನ್ನೊಂದು ಬೀಳಲಿ ಎಂಬಂತೆ ನಿಂತಿದ್ದ.

“ಒಡ್ಯದು ಆಮ್ಯಾಕ್ ಒಡಿವಂತೆ ಕಣ್ಲಾ, ಮೊದ್ಲು ಆಸ್ಪತ್ರೆಗೆ ಆಕು,” ಅಂದರು ಯಾರೋ.

ಮುದುಕಿಯನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಮಗ ತಲೆ ತೊಡೆಯ ಮೇಲಿಟ್ಟುಕೊಂಡ. ಗುರುಪಾದಪ್ಪ ಕಾರನ್ನು ಊರಿನ ಕಡೆಗೆ ತಿರುಗಿಸಿದ. ಏರಿಯ ಈಚೆಯ ಏರು ಬರುತ್ತಿದ್ದಂತೆ ಹಿಂದಿನ ಗಾಲಿಗಳು ಗಿರಗಿರ ತಿರುಗಿ ಅರಚತೊಡಗಿದವು. ಕಾರು ನಿಂತಲ್ಲೇ ನಿಂತಿತು. ಗಾಲಿ ತಿರುಗಿದಷ್ಟೂ ಮೈ ನಡುಗಿ, ಹಿಂದೆ ಮುದುಕಿ ಚೀರುತ್ತಿದ್ದಳು.

“ಒಡೀರಿ ಮುಂದಕ್ಕೆ! ಯಾಕ್ ನಿಂತ್ರಿ?”

“ಹೋಗವಲ್ದ್ರಿ... ಗಾಲಿ ಹಿಡಿವಲ್ದು...”

ಇಬ್ಬರು ಹಿಂದಿನ ಬಂಪರಿನ ಮೇಲೆ ಹತ್ತಿ ನಿಂತರು, ಭಾರಕ್ಕಾದರೂ ಗಾಲಿ ನೆಲ ಹಿಡಿಯಲಿ ಎಂದು. ಉಳಿದವರು ತಳ್ಳಿದರು. ಒಂದು ಮಾರು ಹೋಯಿತು, ಅರ್ಧ ಮಾರು ಹಿಂದೆ ಬಂತು. ಒಬ್ಬ ಬಗ್ಗಿ ನೋಡಿ, “ಲೇ, ಟೈರ್ ನೋಡ್ರಲಾ, ತಲೆ ಬೋಳ್ಸ್‌ದಂಗೈತೆ!” ಎಂದ. ಯಾರೂ ನಗಲಿಲ್ಲ. ಗುರುಪಾದಪ್ಪ ಸ್ಟೀರಿಂಗಿಗೆ ಹಣೆ ಹಚ್ಚಿ ಶಿವಾ ಶಿವಾ ಎನ್ನುತ್ತಿದ್ದ. ಅವನ ಕಾಲು ಆಕ್ಸಿಲರೇಟರಿನ ಮೇಲಿತ್ತು. ಅದನ್ನು ಒತ್ತಿದರೆ ನೋವು, ಬಿಟ್ಟರೆ ಹಿಂಜಾರು. ಮೂರು ಲಾರಿ, ಒಂದು ಬಸ್ಸು ನೀರು ಚಿಮ್ಮಿಸಿ ಹೋದವು. ಕೊನೆಗೆ ಗೊಬ್ಬರ ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರೊಂದು ನಿಂತಿತು. ಗೊಬ್ಬರ ಮೆತ್ತಿದ ಟ್ರಾಲಿಯಲ್ಲಿ ಮುದುಕಿಯನ್ನು ಮಲಗಿಸಿದರು. ಗುರುಪಾದಪ್ಪ ಕಾರನ್ನು ರಸ್ತೆ ಬದಿಗೆ ಬಿಟ್ಟು ತಾನೂ ಹತ್ತಿದ, ಅವಳ ಮುಖಕ್ಕೆ ಮಳೆ ಬೀಳದಂತೆ ತನ್ನ ಕೋಟು ಹಿಡಿದ. ಮುನಿಆಂಜಿನಪ್ಪ ಆ ಕೋಟನ್ನು ಕಿತ್ತು ಕೆಳಗೆಸೆದು, ತನ್ನ ಟವೆಲ್ಲು ಹಿಡಿದ.

ಯಲಹಂಕದಲ್ಲಿ ನೀಲಕ್ಕ ಕತ್ತಲಾಗುವವರೆಗೂ ಜಗಲಿಯ ಮೇಲೆ ಕಾದಳು. ಆಮೇಲೆ ಶಾಲೆಯ ಜವಾನ ಅವಳನ್ನು ಬಸ್ ಸ್ಟಾಪಿಗೆ ಕರೆದೊಯ್ದ. ಯಾರೋ ಹೆಂಗಸರು ಕೈಹಿಡಿದು ಎಳೆದು, ಹಿಂದಿನಿಂದ ಜವಾನ ತಳ್ಳಿ, ಬಸ್ಸಿನೊಳಗೆ ಹಾಕಿದರು. ಏರಿಯ ಹತ್ತಿರ ಬಸ್ಸು ನಿಧಾನ ಮಾಡಿದಾಗ ಕಿಟಕಿಯಿಂದ ತಮ್ಮ ಕಾರು ಕಂಡಿತು, ಸುತ್ತ ಜನ, ಒಳಗೆ ಯಾರೂ ಇಲ್ಲ. ಅವಳು “ನಿಲ್ಲಿಸ್ರಿ, ನಿಲ್ಲಿಸ್ರಿ” ಎಂದಳು. ಗದ್ದಲದಲ್ಲಿ ಕೇಳಲಿಲ್ಲವೋ ಏನೋ, ಬಸ್ಸು ನಿಲ್ಲಲಿಲ್ಲ. ಗಂಡ ಬದುಕಿದ್ದಾನೆಂದು ಅವಳಿಗೆ ತಿಳಿದದ್ದು ಅವನು ಆಸ್ಪತ್ರೆಯಿಂದ ನಡೆದುಕೊಂಡು ಮನೆಗೆ ಬಂದಾಗಲೇ.

ಮುರಿಗೆಪ್ಪ ಮಾರನೆಯ ದಿನ ಬಂದ. ಬಾಗಿಲೊಳಗೆ ಬರಲಿಲ್ಲ. ಯಾರದೋ ಜೀಪಿಗೆ ಕಟ್ಟಿ ಎಳೆದು ತಂದ ಕಾರಿನ ಹಿಂದಿನ ಗಾಲಿಗಳನ್ನು ಬಿಚ್ಚಿ, ಇಟ್ಟಿಗೆಯ ಮೇಲೆ ಕಾರು ನಿಲ್ಲಿಸಿದ. ಆ ಟೈರುಗಳನ್ನು ಕತ್ತರಿಸಿ ಹಾಕಬೇಕೆಂದು ಗರಗಸ ತಂದಿದ್ದ. ಮೆತ್ತನೆಯ ರಬ್ಬರು ಗರಗಸದ ಹಲ್ಲಿಗೆ ಅಂಟಿಕೊಂಡಿತು, ಕತ್ತರಿಸಲು ಬರಲಿಲ್ಲ. ಅದನ್ನು ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತು ಅತ್ತ. ನೀಲಕ್ಕ ಬಂದು ಅವನ ಪಕ್ಕ ಕೂತಳು.

ಪೊಲೀಸರು ಕೇಸು ಹಾಕಿದರು. ಕೋರ್ಟು ಗುರುಪಾದಪ್ಪನಿಗೆ ದಂಡ ಹಾಕಿ, ಬುದ್ಧಿ ಹೇಳಿ ಬಿಟ್ಟಿತು. ಬುದ್ಧಿ ಕೇಳುವಾಗ ಅವನು ತಲೆಯಾಡಿಸುತ್ತಲೇ ಇದ್ದ. ಇಷ್ಟೇನಾ ಎಂದು ಅವನಿಗೇ ಅನಿಸಿತು.

ಅಕ್ಕಯ್ಯಮ್ಮನ ಕಾಲು ಪಟ್ಟಿಯೊಳಗೆ ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ನೀಲಕ್ಕ ಅವಳನ್ನು ನೋಡಲು ಹೋಗಬೇಕೆಂದಳು. ಗುರುಪಾದಪ್ಪ ಆಟೋ ತಂದ. ಮೊದಲ ಸಲ ಹೋದಾಗ ಮುದುಕಿ ಹಜಾರದಲ್ಲಿ ಮಲಗಿದ್ದಳು.

“ನೋಡಕ್ ಬಂದ್ರಾ? ನೋಡ್ಕೊಂಡ್ ಓಗಿ,” ಎಂದು ಗೋಡೆಯ ಕಡೆ ಹೊರಳಿದಳು. ಮುನಿಆಂಜಿನಪ್ಪ ಬಾಗಿಲಲ್ಲಿ ನಿಂತು ದಾರಿ ಬಿಡದೆ ದಿಟ್ಟಿಸುತ್ತಿದ್ದ. ತಂದಿದ್ದ ಹಣ್ಣು, ಬ್ರೆಡ್ಡು ಜಗಲಿಯ ಮೇಲೇ ಉಳಿದವು. ಎರಡನೆಯ ಸಲ ಹೋದಾಗಲೂ ಮುದುಕಿ ಗೋಡೆಯ ಕಡೆಗೇ ಹೊರಳಿದಳು. ನೀಲಕ್ಕ ಸುಮ್ಮನೆ ಒಂದು ಗಳಿಗೆ ಕೂತು ಎದ್ದು ಬಂದಳು.

ಟೈರಿನ ಅಂಗಡಿಯಿಂದ ಹೇಳಿಕಳಿಸಿದ್ದು ಮಳೆಗಾಲವೆಲ್ಲ ಮುಗಿದ ಮೇಲೆ. ಅಲ್ಲಿಯತನಕ ನೀಲಕ್ಕ ಶಾಲೆಗೆ ಸಂಬಳವಿಲ್ಲದ ರಜೆ ಹಾಕಿದ್ದಳು. ಮುರಿಗೆಪ್ಪ ಬೇರೆ ರಿಮ್ಮು ಹುಡುಕಿ ತಂದು, ಹೊಸ ಟೈರು ಹಾಕಿ, ಕಾರನ್ನು ಇಟ್ಟಿಗೆಯಿಂದ ಇಳಿಸಿಕೊಟ್ಟ. ಗುರುಪಾದಪ್ಪ ಒಳಗೆ ಕೂತು ಕೀಲಿ ತಿರುಗಿಸಿದ. ಎಂಜಿನ್ನು ಹೊತ್ತಿಕೊಂಡೊಡನೆ ಕೀಲಿ ಹಿಂದಕ್ಕೆ ತಿರುಗಿಸಿ ಆರಿಸಿದ. ಇಳಿದುಬಿಟ್ಟ. ಆಮೇಲೆ ಹಲವು ಬೆಳಿಗ್ಗೆ ಬೀದಿಯ ತುದಿಯವರೆಗೆ ಹೋಗಿ ಬಂದು, ಒಂದು ದಿನ ನೀಲಕ್ಕ ಪಕ್ಕದಲ್ಲಿ ಕೂತು ತೊಡೆಯ ಮೇಲೆ ಕೈಯಿಟ್ಟು “ನಡೀರಿ” ಎಂದಾಗ ಏರಿಯ ಮೇಲಿಂದ ಮುದುಕಿಯ ಮನೆಯವರೆಗೆ ಹೋದ.

ಅಂದು ಅಕ್ಕಯ್ಯಮ್ಮ ಅಂಗಳದಲ್ಲಿದ್ದಳು. ಮಗ ಕಡಿದು ಕೊಟ್ಟ ದೊಣ್ಣೆ ಊರಿಕೊಂಡು ಜಗಲಿಯ ಮೆಟ್ಟಿಲು ಹತ್ತಲು ನೋಡುತ್ತಿದ್ದಳು. ಊನವಾದ ಕಾಲನ್ನು ಮೊದಲು ಮೇಲಿಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ನೋವಿಗೆ ಹಲ್ಲು ಕಚ್ಚಿ ಮತ್ತೆ ಕೆಳಗಿಳಿಯುತ್ತಿದ್ದಳು. ನೀಲಕ್ಕ ಕಾರಿನಿಂದ ಇಳಿದು ಅವಳ ಪಕ್ಕಕ್ಕೆ ಹೋಗಿ ನಿಂತಳು.

“ಹಂಗಲ್ಲಬೇ. ಹತ್ತುವಾಗ ಛಲೋ ಕಾಲು ಮೊದಲು. ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಯಾವಾಗ್ಲೂ ನೋವಿನ ಕಾಲಿನ ಜೋಡಿ ಹೋಗಬೇಕು. ನನ್ನ ನೋಡ್ರಿ.”

ಹೇಳಿ, ತಾನು ಹತ್ತಿ ತೋರಿಸಿದಳು, ಇಳಿದು ತೋರಿಸಿದಳು. ಮುದುಕಿ ಅವಳ ಕಾಲನ್ನೇ ನೋಡುತ್ತಿದ್ದಳು. ಸೀರೆಯ ಅಂಚಿನ ಕೆಳಗಿನ ಆ ಕಡ್ಡಿಯಂಥ ಕಾಲನ್ನು ಅವಳು ಸರಿಯಾಗಿ ಕಂಡದ್ದು ಆಗಲೇ ಇರಬೇಕು.

“ಉಟ್ಟಿನಿಂದ್ಲೂ ಇಂಗೇನಾ?”

“ಮೂರು ವರ್ಷದಾಕಿ ಇದ್ದಾಗಿಂದ.”

“ಊಂ,” ಎಂದಳು ಅಕ್ಕಯ್ಯಮ್ಮ. ದೊಣ್ಣೆಯನ್ನು ಸರಿಯಾಗಿ ಹಿಡಿದು ಬಲಗಾಲು ಮೇಲಿಟ್ಟಳು. ಉಸಿರು ಬಿಗಿಹಿಡಿದು ಒಂದು ಮೆಟ್ಟಿಲು ಹತ್ತಿದಳು. ನೀಲಕ್ಕ ಅವಳ ಮೊಣಕೈಯ ಹತ್ತಿರ ಕೈಯಿಟ್ಟಿದ್ದಳು, ಮುಟ್ಟಿರಲಿಲ್ಲ.

ಗುರುಪಾದಪ್ಪ ಅಂಗಳದ ನಡುವೆ ನಿಂತಿದ್ದ. ಹೋಗಿ ಹಿಡಿಯಬೇಕೋ, ಹಿಡಿದರೆ ಆ ಮುದುಕಿ ಕೈ ಕೊಡವಿಬಿಡುತ್ತಾಳೋ ತಿಳಿಯದೆ, ಎರಡು ಹೆಜ್ಜೆ ಮುಂದೆ ಬಂದು ಒಂದು ಹೆಜ್ಜೆ ಹಿಂದೆ ಸರಿದ. ಕ್ಷಮಿಸಿ ಎನ್ನುವ ಮಾತನ್ನು ಏರಿಯಿಂದ ಇಲ್ಲಿಯವರೆಗೆ ಬಾಯಲ್ಲಿಟ್ಟುಕೊಂಡು ಬಂದಿದ್ದ. ಅದು ಈಗ ಎಲ್ಲಿಯೂ ಇರಲಿಲ್ಲ.

ಎರಡನೆಯ ಮೆಟ್ಟಿಲು ಹತ್ತಿ ನಿಂತ ಅಕ್ಕಯ್ಯಮ್ಮ ಏದುಸಿರು ಬಿಡುತ್ತ ತಿರುಗಿದಳು. ಅವನನ್ನು ನೋಡಿದಳು. ಏರಿಯ ಮೇಲೆ ಬಿದ್ದ ದಿನದಿಂದ ಅವಳು ಅವನ ಮುಖ ನೋಡಿ ಒಂದು ಮಾತೂ ಆಡಿರಲಿಲ್ಲ.

“ಅಲ್ಲೇ ಕಂಬದಂಗೆ ನಿಂತಿದ್ದೀಯಲ್ಲಪ್ಪ, ಆ ಕೋಳಿ ಓಡ್ಸು. ರಾಗಿ ಎಲ್ಲಾ ತಿಂದಾಕ್ತಾವೆ.”

ಅವನು ಬೆಚ್ಚಿ ಹಿಂದೆ ನೋಡಿದ. ಚಾಪೆಯ ಮೇಲೆ ಒಣಗಲು ಹರಡಿದ್ದ ರಾಗಿಗೆ ಕೋಳಿಗಳ ಹಿಂಡು ಬಿದ್ದಿತ್ತು. ಗುರುಪಾದಪ್ಪ ಎರಡೂ ಕೈ ಬೀಸುತ್ತ, ಹುಶ್ ಹುಶ್ ಎನ್ನುತ್ತ ಓಡಿದ. ಕೋಳಿಗಳು ಚಾಪೆಯ ಈ ಕಡೆಯಿಂದ ಎದ್ದು ಆ ಕಡೆಗೆ ಹೋಗಿ ಕೂತವು. ಅವನು ಆ ಕಡೆಗೆ ಓಡಿದ.